ಕಾಣೆಯಾದ ಎರಡನೆಯ ಅಂತಸ್ತು

ನಾಣ್ಯ ಹಾಕಿ ಆಡುವ ವಿಡಿಯೊ ಆಟಗಳಲ್ಲಿ ‘ಡಾಂಕಿ ಕಾಂಗ್’ ಹುಟ್ಟಿದ್ದು ಒಂದು ಸೋಲಿನ ಫಲವಾಗಿ. ಜಪಾನಿನ ನಿಂಟೆಂಡೊ ಸಂಸ್ಥೆಯು ಅಮೆರಿಕಕ್ಕೆ ಕಳುಹಿಸಿದ್ದ ‘ರೇಡಾರ್ ಸ್ಕೋಪ್’ ಯಂತ್ರಗಳಲ್ಲಿ ಸುಮಾರು 2,000 ಮಾರಾಟವಾಗದೆ ಉಳಿದಿದ್ದವು. ಅವುಗಳ ಒಡಲಿಗೆ ಹೊಸದೊಂದು ಆಟವನ್ನು ಹೂಡುವ ಹೊಣೆ ಶಿಗೆರು ಮಿಯಾಮೊಟೊ ಎಂಬ ತರುಣ ಚಿತ್ರಕಾರನ ಪಾಲಿಗೆ ಬಂದಿತು. 1981ರಲ್ಲಿ ಹೊರಬಂದ ಆ ಆಟದ ಕಥೆ ಬಲು ಸರಳ. ತರುಣಿಯೊಬ್ಬಳನ್ನು ಹೊತ್ತೊಯ್ದ ದೈತ್ಯವಾನರನು ಕಟ್ಟುತ್ತಿರುವ ಕಟ್ಟಡದ ತುದಿಯೇರಿದ್ದಾನೆ. ಬಡಗಿಯೊಬ್ಬನು ಏಣಿಗಳನ್ನು ಹತ್ತಿ, ಉರುಳಿಬರುವ ಪೀಪಾಯಿಗಳನ್ನು ನೆಗೆದು ದಾಟಿ ಅವಳನ್ನು ಬಿಡಿಸಬೇಕು. ಮುಂದೆ ಮಾರಿಯೊ ಎಂದು ಜಗತ್ಪ್ರಸಿದ್ಧನಾದವನು ಈ ಬಡಗಿಯೇ.

ಕಟ್ಟಡಕ್ಕೆ ನಾಲ್ಕು ಅಂತಸ್ತುಗಳು: 25, 50, 75 ಮತ್ತು 100 ಮೀಟರು. 1983ರಲ್ಲಿ ಈ ಆಟವು ಮನೆಯ ಟೆಲಿವಿಷನ್ನಿಗೆ ಜೋಡಿಸುವ ಫ್ಯಾಮಿಕಾಂ ಯಂತ್ರಕ್ಕೆ ಇಳಿದುಬಂದಾಗ, ಸಿಮೆಂಟಿನ ಬಾಂಡಲಿಗಳು ಚಲಿಸುವ ಪಟ್ಟಿಯ ಮೇಲೆ ಸಾಲಾಗಿ ಸಾಗುವ 50 ಮೀಟರಿನ ಅಂತಸ್ತು ಅದರಲ್ಲಿರಲೇ ಇಲ್ಲ. ಓಲೆಗರಿಯ ಲಿಪಿಕಾರನು ಒಂದು ಗರಿಯನ್ನೇ ಬಿಟ್ಟು ಪ್ರತಿಮಾಡಿದಂತಾಯಿತು! 1990ರ ದಶಕದಲ್ಲಿ ನಮ್ಮ ನಗರಗಳ ಮನೆಗಳಿಗೆ ಬಂದ ಅಗ್ಗದ ಆಟದ ಯಂತ್ರಗಳಲ್ಲಿ ಅನೇಕವು ಫ್ಯಾಮಿಕಾಂನ ಅನುಕರಣೆಗಳು. ಆದುದರಿಂದ ನನ್ನ ಓರಗೆಯವರು ಅವುಗಳಲ್ಲಿ ಕಂಡದ್ದು ಮೂರೇ ಅಂತಸ್ತನ್ನು. ಪರದೆಯೂ ಬೇರೆಯಾಗಿತ್ತು. ಮೂಲಯಂತ್ರದ ಪರದೆ ನೀಳವಾಗಿ ನಿಂತಿದ್ದರೆ, ಟೆಲಿವಿಷನ್ನಿನ ಪರದೆ ಅಡ್ಡಲಾಗಿ ಮಲಗಿತ್ತು. ಏರುವ ಆಟಕ್ಕೆ ಎತ್ತರವೇ ತಗ್ಗಿದರೆ ಸೊಗಸೆಲ್ಲಿ?

ಇಂತಹ ಆಟವನ್ನು ಇಂದಿನವರ ಕೈಗೆ ಮರಳಿ ಕೊಡುವುದು ಗ್ರಂಥಸಂಪಾದನೆಯಷ್ಟೇ ನಾಜೂಕಿನ ಕೆಲಸ. ಹೊಸ ಗಣಕಯಂತ್ರವು ಹಳೆಯ ಯಂತ್ರದ ವೇಷ ಧರಿಸಿ ಮೂಲ ಕ್ರಮವಿಧಿಯನ್ನು ಅಕ್ಷರಶಃ ನಡೆಸಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ಬಡಗಿಯ ಹೆಜ್ಜೆಯ ಸದ್ದು, ನೆಗೆತದ ಸದ್ದು ಕ್ರಮವಿಧಿಯಲ್ಲಿ ಬರೆದಿಟ್ಟವಲ್ಲ. ಹಲಗೆಯ ಮೇಲೆ ಬೆಸೆದ ವಿದ್ಯುನ್ಮಂಡಲಗಳಿಂದ ಹೊರಟವು. 1997ರಲ್ಲಿ ಆರಂಭವಾದ ‘ಮೇಮ್’ ಎಂಬ ತಂತ್ರಾಂಶವನ್ನು ಕಟ್ಟಿದ ಹವ್ಯಾಸಿಗಳು ಮೊದಲು ಈ ಸದ್ದುಗಳ ಧ್ವನಿಮುದ್ರಿಕೆಯನ್ನೇ ಬಳಸಿದರು. ಆಮೇಲೆ ಆ ಮಂಡಲಗಳ ನಡವಳಿಕೆಯನ್ನೇ ಗಣಿತದಿಂದ ಪುನಃ ರಚಿಸಿದರು. ಒಂದು ಹೆಜ್ಜೆಯ ಸದ್ದಿಗೆ ಇಷ್ಟು ಶ್ರಮವೇ ಎಂದು ಕೆಲವರು ನಗಬಹುದು. ಪಾಠಾಂತರಗಳಿಗಾಗಿ ರಾತ್ರಿಗಳನ್ನು ಕಳೆದವರು ನಗಲಾರರು.

ತಪ್ಪುಗಳ ಗತಿಯೇನು? ಸುತ್ತಿನ ಸಂಖ್ಯೆಗೆ 4 ಕೂಡಿಸಿ, 10ರಿಂದ ಗುಣಿಸಿ ಯಂತ್ರವು ಆಟಗಾರನ ಕಾಲಾವಧಿಯನ್ನು ಗೊತ್ತುಮಾಡುತ್ತದೆ. 22ನೆಯ ಸುತ್ತಿಗೆ 260 ಬರಬೇಕು. ಆದರೆ ಅದನ್ನು ಬರೆಯುವ ಸ್ಮೃತಿಕೋಶದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255. 256 ಜಾರಿಹೋಗಿ 4 ಮಾತ್ರ ಉಳಿಯುತ್ತದೆ. ಬಡಗಿ ಕೆಲವೇ ಕ್ಷಣಗಳಲ್ಲಿ ಸಾಯುತ್ತಾನೆ. ಇದನ್ನು ತಿದ್ದಬಾರದೆಂದೇ ನನ್ನ ಮತ. ದಾಖಲೆಯ ಅಂಕಗಳಿಗಾಗಿ ಹೋರಾಡಿದವರಿಗೆ ಈ ಗೋಡೆಯೇ ಎಲ್ಲೆಯಾಗಿತ್ತು. ಅವರ ಪೈಪೋಟಿಯ ಮೇಲೆ 2007ರಲ್ಲಿ ‘ದಿ ಕಿಂಗ್ ಆಫ್ ಕಾಂಗ್’ ಎಂಬ ಸಾಕ್ಷ್ಯಚಿತ್ರವೇ ಬಂದಿತು.

ಹೊಸದನ್ನು ಸೇರಿಸಲೇಬಾರದೆಂದಲ್ಲ. 1994ರಲ್ಲಿ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ನಿಂಟೆಂಡೊ ಮಾಡಿದ ‘ಡಾಂಕಿ ಕಾಂಗ್’ ಇದಕ್ಕೆ ಸಾಕ್ಷಿ. ಅದರಲ್ಲಿ ಮೊದಲು ಬರುವುದು ಹಳೆಯ ನಾಲ್ಕು ಅಂತಸ್ತು. ಸಿಮೆಂಟಿನದೂ ಉಂಟು! ಗೆದ್ದೆನೆಂದು ಆಟಗಾರನು ನಿಟ್ಟುಸಿರು ಬಿಡುವಷ್ಟರಲ್ಲಿ ವಾನರನು ಮೇಲೆದ್ದು ತರುಣಿಯನ್ನು ಮತ್ತೆ ಹೊತ್ತು ಓಡುತ್ತಾನೆ. ಇನ್ನೂ 97 ಹಂತಗಳು ತೆರೆದುಕೊಳ್ಳುತ್ತವೆ. ಮಾರಿಯೊ ಇಲ್ಲಿ ಕೈಯ ಮೇಲೆ ನಿಲ್ಲಬಲ್ಲನು, ಹಿಮ್ಮುಖವಾಗಿ ಲಾಗ ಹಾಕಬಲ್ಲನು.

ಮೂಲಯಂತ್ರದ ಆಟವು 2018ರಲ್ಲಿ ಹ್ಯಾಮ್‌ಸ್ಟರ್ ಸಂಸ್ಥೆಯ ‘ಆರ್ಕೇಡ್ ಆರ್ಕೈವ್ಸ್’ ಮಾಲೆಯಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಬಂದಿತು. ಅದರಲ್ಲಿ ಮೊದಲ ಆವೃತ್ತಿ, ತಿದ್ದಿದ ಆವೃತ್ತಿ, ಅಂತರರಾಷ್ಟ್ರೀಯ ಆವೃತ್ತಿ ಮೂರೂ ಇವೆ. ಪರದೆಯನ್ನು ನೀಳವಾಗಿ ತಿರುಗಿಸಬಹುದು. ಆಟವನ್ನು ನಡುವೆ ನಿಲ್ಲಿಸಿ ಮರುದಿನ ಮುಂದುವರಿಸಬಹುದು. ಈ ಕೊನೆಯ ಸೌಕರ್ಯವನ್ನು ಹಳಬರು ಆಕ್ಷೇಪಿಸಿಯಾರು. ಆದರೆ ಆಟದ ಕಾಠಿಣ್ಯದಲ್ಲೊಂದು ಪಾಲು ಜೇಬಿನ ನಾಣ್ಯವನ್ನು ಕರಗಿಸಲೆಂದೇ ಇದ್ದುದು. ನಾಣ್ಯವೇ ಇಲ್ಲದ ಮೇಲೆ ಮಕ್ಕಳ ಮೇಲೆ ಆ ಶಿಕ್ಷೆಯೇಕೆ?

ಆಡಬಯಸುವ ಓದುಗರಿಗೆ ಒಂದು ಮಾತು. ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ಆ ಸಿಮೆಂಟು ಕಾರ್ಖಾನೆ ಎದುರಾಗುವುದು ಮೂರನೆಯ ಸುತ್ತಿನಲ್ಲಿ. ಹೊಸಬರು ಅಲ್ಲಿಯವರೆಗೆ ತಲುಪುವುದೇ ಅಪರೂಪ. ಜಪಾನೀ ಆವೃತ್ತಿಯನ್ನು ಆರಿಸಿಕೊಂಡರೆ ಪೀಪಾಯಿಗಳ ಅಂತಸ್ತು ದಾಟಿದೊಡನೆಯೇ ಬಾಂಡಲಿಗಳ ಸಾಲು ಕಾಣಿಸುತ್ತದೆ.