ಕಾಕಾನ ಇನ್‌ಬಾಕ್ಸ್‌ನಲ್ಲಿ ಉಳಿದಿದ್ದ ಅಕ್ಕನ ಮದುವೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಮೊಬೈಲ್ ತಂದು ಕೈಗಿಟ್ಟರು. "ಸ್ಟೋರೇಜ್ ಫುಲ್ ಅಂತ ದಿನಾ ಬರಾಕತ್ತೈತಿ ನೋಡಪಾ. ಹಳೇ ಮೇಲ್ ಎಲ್ಲಾ ಅಳಿಸಿಬಿಡ್ಲಿ ಏನ?"

"ಅಳಿಸ್ರಿ ಕಾಕಾ, ಏನಾಗಲ್ಲ" ಅನ್ನುವ ಮಾತು ಬಾಯಿತನಕ ಬಂದಿತ್ತು. ಸುಮ್ಮನೆ ಬೆರಳಾಡಿಸುತ್ತ ಕೆಳಗೆ, ಇನ್ನೂ ಕೆಳಗೆ ಹೋದೆ. 2008ರ ಒಂದು ಮೇಲ್ ಕಂಡಿತು. ವಿಷಯ: 'ಮದುವೆ ಫೋಟೋ 3'. ಹಾಗಾದರೆ 1 ಮತ್ತು 2 ಕೂಡ ಇರಬೇಕಲ್ಲ?

ಅಕ್ಕನ ಮದುವೆ ಆಗಿದ್ದು ನಿಪ್ಪಾಣಿಯಲ್ಲಿ. ಆಗ ಕಾಕಾ ಮಸ್ಕತ್‌ನಲ್ಲಿದ್ದರು, ರಜೆ ಸಿಕ್ಕಿರಲಿಲ್ಲ. ಪಾಪ, ಬೇಜಾರು ಮಾಡಿಕೊಂಡಿದ್ದಾರೆಂದು ನಿಪ್ಪಾಣಿಯ ಅತ್ತೆಯ ಮಗ ಸೈಬರ್ ಕೆಫೆಯಲ್ಲಿ ಕುಳಿತು, ಸ್ಟುಡಿಯೋದವರು ಕೊಟ್ಟ ಸಿಡಿಯಿಂದ ಒಂದು ಮೇಲ್‌ಗೆ ಐದೈದು ಫೋಟೋ ಹಾಕಿ ಕಳಿಸಿದ್ದ. ಅಲ್ಲಿ ನೆಟ್ ಎಷ್ಟು ನಿಧಾನ ಎಂದರೆ, ಒಂದು ಮೇಲ್ ಹೋಗುವುದರೊಳಗೆ ಚಹಾ ಕುಡಿದು ಬರುತ್ತಿದ್ದನಂತೆ. ಸಿಡಿ ಮತ್ತು ದಪ್ಪನೆಯ ಆಲ್ಬಮ್ ಎರಡೂ ನಮ್ಮ ಮನೆಗೆ ಬಂದವು. ನಮ್ಮ ಮನೆ ಇರುವುದು ಕಾಗವಾಡ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ.

ಮುಂದಿನದು ಈ ಭಾಗದವರಿಗೆ ಹೇಳಬೇಕಾಗಿಲ್ಲ. 2019ರ ಆಗಸ್ಟ್. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿ ದಂಡೆಯ ಊರುಗಳಿಗೆ ಕೃಷ್ಣೆ ನುಗ್ಗಿದಳು. ಅತ್ತ ವೇದಗಂಗೆ ಉಕ್ಕಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಯಿತು. ದನಕರು, ರೇಷನ್ ಕಾರ್ಡು, ಹೊಲದ ಕಾಗದ ಹಿಡಿದುಕೊಂಡು ಹೊರಟವರಿಗೆ ಆಲ್ಬಮ್ ಎಲ್ಲಿ ನೆನಪಾಗಬೇಕು? ನೀರು ಇಳಿದ ಮೇಲೆ ಟ್ರಂಕ್ ತೆರೆದರೆ ಫೋಟೋಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗಾಗಿದ್ದವು. ಫೋಟೋ ಕಾಗದದ ಮೇಲಿನ ಜೆಲಾಟಿನ್ ಪದರ ನೀರುಂಡು ಉಬ್ಬುತ್ತದೆ, ಒಣಗುವಾಗ ಪಕ್ಕದ ಫೋಟೋಕ್ಕೆ ಹತ್ತಿಕೊಳ್ಳುತ್ತದೆ. ಅವ್ವ ಬಿಡಿಸಲು ಹೋದಳು. ಬಣ್ಣವೆಲ್ಲ ಅವಳ ಬೆರಳಿಗೆ ಬಂತು. ಸಿಡಿ ಸಿಗಲೇ ಇಲ್ಲ.

ಹೀಗಾಗಿ ಕಾಕಾ ಅಳಿಸಲು ಹೊರಟಿದ್ದು ನಮ್ಮ ಮನೆಯ ಉಳಿದ ಏಕೈಕ ಮದುವೆ ಆಲ್ಬಮ್ಮನ್ನು.

ಅವತ್ತು ರಾತ್ರಿಯೇ ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಕಾಕಾನ ಜಿಮೇಲ್ ತೆರೆದು ಕುಳಿತೆ. ಪುಣೆಯಲ್ಲಿ ಐಟಿ ಕೆಲಸ, ಹಾಗಾಗಿ ಇದೇನು ಮಹಾ ಎಂಬ ಗತ್ತು ಬೇರೆ. ಮೇಲ್‌ನ ಕೆಳಗೆ ಕಾಣುವ ಚಿಕ್ಕ ಚಿತ್ರಗಳ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೇವ್ ಇಮೇಜ್' ಒತ್ತಿ, ಒಂದು ತಾಸಿನಲ್ಲಿ ಅರವತ್ತು ಫೋಟೋ ಇಳಿಸಿದೆ. ಮರುದಿನ ಅಥಣಿಯ ಸ್ಟುಡಿಯೋಗೆ ಪೆನ್‌ಡ್ರೈವ್ ಒಯ್ದರೆ ಅಂವ ನೋಡಿ ನಕ್ಕ. "ಇದು ಅಂಚೆ ಚೀಟಿ ಸೈಜ್‌ಗೆ ಆಗ್ತೈತಿ ನೋಡ್ರಿ, ಫ್ರೇಮ್‌ಗೆ ಆಗಲ್ಲ." ನಾನು ಇಳಿಸಿದ್ದು ಮೂಲ ಫೋಟೋ ಅಲ್ಲ, ಮೇಲ್ ತೋರಿಸಲು ಮಾಡಿಕೊಂಡ ಪುಟ್ಟ ಪ್ರತಿ. ಪ್ರಾಪರ್ಟೀಸ್‌ನಲ್ಲಿ ಸೈಜ್ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಹತ್ತಿಪ್ಪತ್ತು ಕೆಬಿ ಎಂದಿದ್ದರೆ ಅದು ಅಂಚೆ ಚೀಟಿಯೇ.

ಎರಡನೇ ಸಲ ಸರಿಯಾಗಿ ಮಾಡಿದೆ. ಮೊದಲು ಹುಡುಕಾಟ. ಮೇಲಿನ ಸರ್ಚ್ ಪೆಟ್ಟಿಗೆಯ ಬಲತುದಿಯಲ್ಲಿ ಒಂದು ಪುಟ್ಟ ಗುರುತಿದೆ, ಒತ್ತಿದರೆ ಒಂದು ಫಾರ್ಮ್ ತೆರೆದುಕೊಳ್ಳುತ್ತದೆ. ಅಲ್ಲಿ ಕಳಿಸಿದವರ ಹೆಸರು ಹಾಕಿ, ಸುಮಾರು ದಿನಾಂಕ ಕೊಟ್ಟು, 'ಹ್ಯಾಸ್ ಅಟ್ಯಾಚ್‌ಮೆಂಟ್' ಎಂಬಲ್ಲಿ ಟಿಕ್ ಮಾಡಿದರೆ ಫೋಟೋ ಇರುವ ಮೇಲ್‌ಗಳಷ್ಟೇ ಎದುರಿಗೆ ಬರುತ್ತವೆ. ಒಂದೊಂದು ಮೇಲ್ ತೆರೆದಾಗ, ಅಟ್ಯಾಚ್‌ಮೆಂಟ್‌ಗಳ ಮೇಲ್ಗಡೆ ಬಲಕ್ಕೆ ಕೆಳಮುಖ ಬಾಣ ಇರುತ್ತದೆ. ಅದು 'ಡೌನ್‌ಲೋಡ್ ಆಲ್'. ಆ ಮೇಲ್‌ನ ಎಲ್ಲ ಮೂಲ ಫೋಟೋಗಳೂ ಒಂದೇ ಜಿಪ್ ಫೈಲ್ ಆಗಿ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್‌ಗೆ ಬರುತ್ತವೆ. ಜಿಪ್ ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸ್‌ಟ್ರ್ಯಾಕ್ಟ್ ಆಲ್' ಕೊಡಿ. ಬಿಚ್ಚದೆ ಬರೀ ಡಬಲ್ ಕ್ಲಿಕ್ ಮಾಡಿ ಒಳಗಿನ ಫೋಟೋ ನೋಡಿ 'ಬಂತು' ಎಂದುಕೊಳ್ಳುವವರು ಬಹಳ. ಮುಂದೊಂದು ದಿನ ಜಿಪ್ ಏನೋ ಎಂದು ಅದನ್ನೇ ಅಳಿಸುವವರೂ ಅವರೇ.

ಬಾಣದ ಪಕ್ಕದಲ್ಲೇ 'ಡ್ರೈವ್‌ಗೆ ಸೇರಿಸು' ಎಂಬ ಇನ್ನೊಂದು ಗುರುತಿದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದನ್ನು ಒತ್ತಿದರೆ ಫೋಟೋ ನಿಮ್ಮ ಮನೆಗೆ ಬರುವುದಿಲ್ಲ, ಗೂಗಲ್ ಮನೆಯೊಳಗೇ ಪಡಸಾಲೆಯಿಂದ ಕೋಣೆಗೆ ಹೋಗುತ್ತದೆ ಅಷ್ಟೆ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಪುಕ್ಕಟೆ ಸಿಗುವುದು 15 ಜಿಬಿ, ಕಾಕಾನದು ತುಂಬಿದ್ದೂ ಅದೇ. ಮೊಬೈಲ್‌ನಲ್ಲಿ ಇಳಿಸಿ ವಾಟ್ಸಾಪ್‌ನಲ್ಲಿ ಮನೆಗೆ ಕಳಿಸಿದರಾಯಿತು ಎಂದೂ ಅನಿಸಬಹುದು. ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಕ್ಯಾಮೆರಾ ಬರೆದ ದಿನಾಂಕವೂ ಅಳಿಸಿಹೋಗುತ್ತದೆ. ಕಳಿಸಲೇಬೇಕಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಗೂಗಲ್ ಟೇಕೌಟ್ ಎಂಬ ಇನ್ನೊಂದು ದಾರಿಯೂ ಇದೆ, ಆದರೆ ಅದು ಇಡೀ ಮೇಲ್‌ಗಳನ್ನು ಒಂದೇ ಕಡತದಲ್ಲಿ ಕಟ್ಟಿ ಕೊಡುತ್ತದೆ. ಅದರಿಂದ ಫೋಟೋ ಹೊರತೆಗೆಯುವುದು ಬೇರೆಯೇ ತಲೆನೋವು.

ಮೂರು ಮೇಲ್‌ಗಳಲ್ಲಿ ಅಟ್ಯಾಚ್‌ಮೆಂಟ್ ಇರಲಿಲ್ಲ, ಬರೀ ಪಿಕಾಸಾ ಲಿಂಕ್. ಪಿಕಾಸಾ ಮುಚ್ಚಿದ್ದು 2016ರಲ್ಲಿ. ಇಂಥ ಲಿಂಕ್ ಸಿಕ್ಕರೆ ಕಳಿಸಿದವರಿಗೇ ಫೋನ್ ಮಾಡಿ, ಅವರ ಗೂಗಲ್ ಫೋಟೋಸ್‌ನಲ್ಲಿ ಉಳಿದಿರುವ ಸಾಧ್ಯತೆ ಉಂಟು. ಹಾಗೆಯೇ ನಿಮ್ಮ ಕಡೆ ಮೇಲ್ ಅಳಿಸಿಹೋಗಿದ್ದರೂ, ಕಳಿಸಿದವರ ಸೆಂಟ್ ಫೋಲ್ಡರ್‌ನಲ್ಲಿ ಇನ್ನೊಂದು ಪ್ರತಿ ಕುಳಿತಿರಬಹುದು.

ನಿಪ್ಪಾಣಿಯ ಆ ಹುಡುಗನಿಗೂ ಫೋನ್ ಮಾಡಿದೆ. ಈಗ ಅಂವ ಎರಡು ಮಕ್ಕಳ ಅಪ್ಪ. "ಆ ಮೇಲ್ ಐಡಿ ಪಾಸ್‌ವರ್ಡ್ ಯಾರಿಗೆ ನೆನಪೈತೋ ಮಾರಾಯ" ಎಂದ. ನಮ್ಮಲ್ಲಿ ಎಷ್ಟು ಜನರದು ಇದೇ ಕತೆ! ಕಾಲೇಜಿನಲ್ಲಿ ಮಾಡಿಕೊಂಡ ಐಡಿ ಒಂದು, ಕೆಲಸಕ್ಕೆ ಸೇರಿದಾಗ ಇನ್ನೊಂದು. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದು, 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ಈ ವಾರ ಬಸ್ಸಿನಲ್ಲಿ ಕುಳಿತಾಗ ರೀಲ್ಸ್ ಬಿಟ್ಟು ನಿಮ್ಮ ಹಳೇ ಐಡಿಗೆ ಒಮ್ಮೆ ಲಾಗಿನ್ ಆಗಿ ನೋಡಿ. ಹಾಗೆಯೇ ಅಪ್ಪ, ಮಾಮಾ, ಕಾಕಾ ಅವರದ್ದೂ ಕೇಳಿ.

ಇಳಿಸಿದ ಫೋಟೋಗಳ ಹೆಸರುಗಳೆಲ್ಲ ಬರೀ ನಂಬರು. ಫೋಲ್ಡರ್‌ಗೆ '2008 ಅಕ್ಕನ ಮದುವೆ ನಿಪ್ಪಾಣಿ' ಎಂದು ಇಸವಿ ಮೊದಲು ಬರುವಂತೆ ಹೆಸರಿಟ್ಟೆ, ಹೀಗಿಟ್ಟರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಆದರೆ ಜನರ ಹೆಸರು? ಅದಕ್ಕೆ ಅವ್ವನೇ ಬೇಕು. ಸಂಜೆ ಕರೆಂಟ್ ಇರುವಾಗ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಅಕ್ಷತೆ ಹಾಕುವ ಫೋಟೋ ಬಂದಾಗ ಮಾತು ನಿಂತಿತು. ಮೂಲೆಯಲ್ಲಿ ರುಮಾಲು ಸುತ್ತಿಕೊಂಡ ಅಜ್ಜ, ಬಾಯ್ತುಂಬ ನಗು. ಅಜ್ಜ ತೀರಿಕೊಂಡಿದ್ದು 2011ರಲ್ಲಿ. ಗೋಡೆಯ ಮೇಲೆ ಈಗ ಇರುವುದು ವೋಟರ್ ಐಡಿಯಿಂದ ದೊಡ್ಡದು ಮಾಡಿಸಿದ, ಸಿಟ್ಟಿನ ಮುಖದ ಫೋಟೋ. "ನಿಮ್ಮ ಅಜ್ಜ ಹಿಂಗ ನಗ್ತಿದ್ರು ಅಂದ್ರ ನೀ ನಂಬ್ತಿರಲಿಲ್ಲ, ಹೌದಿಲ್ಲೋ?" ಎಂದಳು ಅವ್ವ.

ಅವಳು ಹೇಳುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ಯಡೂರಿನ ದೊಡ್ಡವ್ವ, ಕುಡಚಿಯ ಮಾಮಾ, ಸದಲಗಾದ ಬೀಗರು. ರಾತ್ರಿ ಹನ್ನೊಂದಾಯಿತು.

ಒಂದು ಪ್ರತಿ ಮನೆಯ ಕಂಪ್ಯೂಟರ್‌ನಲ್ಲಿದೆ. ಆದರೆ ಮನೆ ಮತ್ತೆ ಅದೇ ದಂಡೆಯಲ್ಲಿ, 2021ರ ಜುಲೈನಲ್ಲೂ ನೀರು ಬಂದು ಹೋಗಿದೆ. ಎರಡನೇ ಪ್ರತಿ ಹಾರ್ಡ್‌ಡಿಸ್ಕ್‌ಗೆ ಹಾಕಿ ಚಿಕ್ಕೋಡಿಯಲ್ಲಿರುವ ಅಕ್ಕನ ಮನೆಗೆ ಕೊಟ್ಟೆವು, ಅಲ್ಲಿಗೆ ಹೊಳೆ ಬರುವುದಿಲ್ಲ. ಹಾರ್ಡ್‌ಡಿಸ್ಕ್‌ನಿಂದ ನಾಲ್ಕಾರು ಫೋಟೋ ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಕಾಕಾಗೆ "ಈಗ ಬೇಕಾದ್ರ ಅಳಿಸ್ರಿ" ಎಂದೆ. ಅವರು ಬ್ಯಾಂಕು, ಟಿಕೆಟ್ಟು, ಆಫರ್ರು ಎಲ್ಲ ಅಳಿಸಿದರು. ಮದುವೆ ಮೇಲ್‌ಗಳನ್ನು ಮುಟ್ಟಲಿಲ್ಲ.

ಒಂದು ಫೋಟೋ ಮಾತ್ರ ಹಾಗೇ ಉಳಿದಿದೆ. ಹಸಿರು ಸೀರೆಯ ಒಬ್ಬ ಹೆಂಗಸು ಅಕ್ಕನ ಕೈಗೆ ಬಳೆ ತೊಡಿಸುತ್ತಿದ್ದಾಳೆ. ಯಾರೆಂದು ಅವ್ವನಿಗೂ ಗೊತ್ತಿಲ್ಲ, ಅಕ್ಕನಿಗೂ ನೆನಪಿಲ್ಲ. ಮುಂದಿನ ವಾರ ಅಕ್ಕ ನಿಪ್ಪಾಣಿಗೆ ಹೊರಟಿದ್ದಾಳೆ, ಅತ್ತೆಗೆ ತೋರಿಸಿ ಕೇಳುತ್ತಾಳಂತೆ.