ಮಕ್ಕಳ ಮುಖ ಊದುವ ಕಿಡ್ನಿ ಕಾಯಿಲೆ: ಒಬ್ಬರಿಗೆ ನಾಟುವ ಔಷಧಿ ಇನ್ನೊಬ್ಬರಿಗೇಕೆ ನಾಟದು?

ಬೆಳಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊತ. ಸಂಜೆಯ ಹೊತ್ತಿಗೆ ಅದು ಇಳಿದು ಕಾಲಿನಲ್ಲಿ ಕಾಣಿಸುತ್ತದೆ. ಹುಳ ಕಚ್ಚಿರಬೇಕು, ದೃಷ್ಟಿ ತಾಗಿರಬೇಕು ಎಂದು ಮನೆಯವರು ವಾರ ಕಳೆಯುತ್ತಾರೆ. ಅಷ್ಟರಲ್ಲಿ ಹೊಟ್ಟೆ ಉಬ್ಬುತ್ತದೆ, ಮೂತ್ರ ಕಡಿಮೆಯಾಗಿ ನೊರೆ ನೊರೆಯಾಗಿ ಹೋಗುತ್ತದೆ. ಇದು ನೆಫ್ರಾಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆ ಇರಬಹುದು. ಒಂದು ಸಾದಾ ಮೂತ್ರ ಪರೀಕ್ಷೆಯಲ್ಲೇ ಇದರ ಸುಳಿವು ಸಿಗುತ್ತದೆ.

ಕಿಡ್ನಿ ಎಂದರೆ ರಕ್ತವನ್ನು ಸೋಸುವ ಜರಡಿ. ಬೇಡದ್ದನ್ನು ಮೂತ್ರಕ್ಕೆ ಬಿಟ್ಟು, ಪ್ರೋಟೀನನ್ನು ರಕ್ತದಲ್ಲೇ ಉಳಿಸುವುದು ಅದರ ಕೆಲಸ. ಜರಡಿ ಕೆಟ್ಟರೆ ಪ್ರೋಟೀನ್ ಸೋರಿಹೋಗುತ್ತದೆ, ಮೈಯಲ್ಲಿ ನೀರು ತುಂಬುತ್ತದೆ. ಈ ಜರಡಿಯನ್ನು ಹೆಣೆದಿರುವ ಒಂದು ಮುಖ್ಯ ಎಳೆಯ ಹೆಸರು ನೆಫ್ರಿನ್. ಕಾರ್ಲ್ ಟ್ರುಗ್ವಾಸನ್ ಅವರ ತಂಡ 1998ರಲ್ಲಿ ಇದರ ಜೀನ್ ಪತ್ತೆಮಾಡಿತು.

ಜರಡಿ ಕೆಡುವುದೇಕೆ? ರೋಗಾಣುಗಳನ್ನು ಹೊಡೆಯಲು ದೇಹ ತಯಾರಿಸುವ ಪ್ರತಿಕಾಯಗಳು ಕೆಲವೊಮ್ಮೆ ದಾರಿ ತಪ್ಪಿ ನೆಫ್ರಿನ್ ಮೇಲೆಯೇ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಜರ್ಮನಿಯ ಹ್ಯಾಂಬರ್ಗ್ ವೈದ್ಯರ ನೇತೃತ್ವದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕಾಯಿಲೆಯ 182 ಮಕ್ಕಳ ಪೈಕಿ 94 ಮಂದಿಯ ರಕ್ತದಲ್ಲಿ ಇಂಥ ಪ್ರತಿಕಾಯ ಸಿಕ್ಕಿತು. ಕಾಯಿಲೆ ಜೋರಾಗಿದ್ದು ಇನ್ನೂ ಔಷಧಿ ಶುರುವಾಗದ ಮಕ್ಕಳಲ್ಲಂತೂ ಶೇಕಡಾ 90ರಷ್ಟು ಮಂದಿಯಲ್ಲಿತ್ತು. ಕಾಯಿಲೆ ಇಳಿದಾಗ ಪ್ರತಿಕಾಯವೂ ಇಳಿಯಿತು.

ಸ್ಟೀರಾಯ್ಡ್ ಮಾತ್ರೆ ಬಹುಪಾಲು ಮಕ್ಕಳಿಗೆ ಏಕೆ ನಾಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಅದು ದೇಹದ ರಕ್ಷಣಾ ಪಡೆಯ ಅಬ್ಬರ ತಗ್ಗಿಸುತ್ತದೆ. ಮತ್ತೆ ಮತ್ತೆ ಮರುಕಳಿಸುವವರಿಗೆ ಕೊಡುವ ರಿಟುಕ್ಸಿಮ್ಯಾಬ್ ಇಂಜೆಕ್ಷನ್, ಪ್ರತಿಕಾಯ ತಯಾರಿಸುವ ಕಣಗಳ ಮೂಲಕ್ಕೇ ಕೈ ಹಾಕುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಜೀನ್ ದೋಷದಿಂದ ಎಳೆಯೇ ಸರಿಯಾಗಿ ಹುಟ್ಟಿರುವುದಿಲ್ಲ. ಅವರಿಗೆ ಸ್ಟೀರಾಯ್ಡ್ ಸಾಮಾನ್ಯವಾಗಿ ನಾಟದು. ಆರು ವಾರ ಕೊಟ್ಟರೂ ಪ್ರೋಟೀನ್ ನಿಲ್ಲದಿದ್ದರೆ ವೈದ್ಯರು ಬಯಾಪ್ಸಿ, ಜೀನ್ ಪರೀಕ್ಷೆ ಹೇಳುವುದು ಇದಕ್ಕೇ. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಅಡುಗೆಯ ತಪ್ಪೂ ಇಲ್ಲ. ಪ್ರತಿಕಾಯ ನೋಡುವ ರಕ್ತ ಪರೀಕ್ಷೆ ಮಾತ್ರ ಇನ್ನೂ ಎಲ್ಲೆಡೆ ಸಿಗುವಂಥದ್ದಲ್ಲ.

ಮನೆಯವರು ಮುಖ್ಯವಾಗಿ ನೆನಪಿಡಬೇಕಾದ್ದು ಇಷ್ಟು. ಊತ ಇಳಿಯಿತೆಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಕಾಯಿಲೆ ಮರುಕಳಿಸಬಹುದು, ಮಗುವಿನ ಪ್ರಾಣಕ್ಕೂ ಅಪಾಯವಾಗಬಹುದು. ವೈದ್ಯರು ಹೇಳಿದಂತೆ ಹಂತ ಹಂತವಾಗಿಯೇ ಇಳಿಸಬೇಕು. ಜ್ವರ ಅಥವಾ ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸುವ ಮೊದಲು ಮಗು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದೆ ಎಂದು ತಿಳಿಸಿ.

ಬೆಳಗಿನ ಮೂತ್ರವನ್ನು ಮನೆಯಲ್ಲೇ ಪಟ್ಟಿಯಿಂದ ಪರೀಕ್ಷಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. ಸತತ ಮೂರು ದಿನ ಮೂರು ಪ್ಲಸ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಿಲೆ ಮರುಕಳಿಸಿದೆ ಎಂದರ್ಥ. ಗಡಿಯ ಈಚೆ ಒಂದು ಆಸ್ಪತ್ರೆ, ಆಚೆ ಇನ್ನೊಂದು ಆಸ್ಪತ್ರೆ ಎಂದು ಓಡಾಡುವ ನಮ್ಮಂಥವರಿಗೆ ಆ ಪುಸ್ತಕವೇ ಆಧಾರ. ಚೀಟಿ ಯಾವ ಭಾಷೆಯಲ್ಲಿದ್ದರೂ, ತಾರೀಕು ಮತ್ತು ಮಾತ್ರೆಯ ಲೆಕ್ಕ ಎಲ್ಲ ವೈದ್ಯರಿಗೂ ಅರ್ಥವಾಗುತ್ತದೆ.