ಮೊದಲು ಗಿಡ, ತಿಂಗಳ ನಂತರ ಮೀನು

ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ವೈದ್ಯರ ಕೊಠಡಿಯ ಹೊರಗೆ, ಹೋಟೆಲಿನ ಪಡಸಾಲೆಯಲ್ಲಿ ಮೀನಿನ ತೊಟ್ಟಿಯನ್ನು ಇರಿಸುವುದು ಹೊಸ ಸಂಗತಿಯೇನಲ್ಲ. ಅಷ್ಟೇ ಪರಿಚಿತವಾದ ಇನ್ನೊಂದು ದೃಶ್ಯವೂ ಉಂಟು. ಅದೇ ತೊಟ್ಟಿ ಆರು ತಿಂಗಳ ತರುವಾಯ ಬರಿದಾಗಿ, ಗೋದಾಮಿನ ಮೂಲೆಯಲ್ಲಿ ಹಳೆಯ ಲೆಕ್ಕದ ಪುಸ್ತಕಗಳನ್ನು ಹೊತ್ತು ಕುಳಿತಿರುತ್ತದೆ. ಕೊಂಡವರು ‘ನಮಗೆ ಮೀನು ಆಗಿಬರುವುದಿಲ್ಲ’ ಎಂದು ಕೈಚೆಲ್ಲಿರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ತಪ್ಪು ನಡೆದಿರುವುದು ಖರೀದಿಯ ದಿನವೇ: ತೊಟ್ಟಿ, ಜಲ್ಲಿ, ನೀರು, ಮೀನು ಎಲ್ಲವೂ ಒಂದೇ ಸಂಜೆ ಮನೆ ಸೇರಿರುತ್ತವೆ.

ಈ ನಷ್ಟದಲ್ಲಿ ಮಾರಾಟಗಾರರ ಪಾಲು ಕೊಂಡವರಿಗಿಂತ ದೊಡ್ಡದೆಂಬುದನ್ನು ವರ್ತಕರು ಗಮನಿಸಬೇಕು. ಒಂದು ತೊಟ್ಟಿ ಮತ್ತು ಹನ್ನೆರಡು ಮೀನುಗಳ ಲಾಭ ಒಂದೇ ದಿನದ್ದು. ಸಸ್ಯಗಳಿಂದ ತುಂಬಿ ಆರೋಗ್ಯವಾಗಿರುವ ತೊಟ್ಟಿಯಾದರೋ ಆಹಾರ, ಗೊಬ್ಬರ, ಹೊಸ ಗಿಡ, ದೀಪ ಎಂದು ವರ್ಷಗಟ್ಟಲೆ ಗಿರಾಕಿಯನ್ನು ಅಂಗಡಿಗೆ ಕರೆತರುತ್ತದೆ.

ಗಿಡವೇ ತೊಟ್ಟಿಯ ಜೀವಾಳವೆಂಬ ಅರಿವು ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಹೊಂಬಣ್ಣದ ಮೀನುಗಳ ಜೊತೆಗೆ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವಿತ್ತು. ಕೊಳೆತ ಎಲೆಗಳು ನೀರನ್ನು ಕೆಡಿಸತೊಡಗಿದಾಗ ಆತ ಬಸವನಹುಳುಗಳನ್ನು ಸೇರಿಸಿ ಸಮತೋಲನ ಸಾಧಿಸಿದ. ಈ ವಿಜ್ಞಾನಕ್ಕೆ ಕಲೆಯ ರೂಪ ಕೊಟ್ಟು, ಅದರಿಂದ ಒಂದು ಉದ್ಯಮವನ್ನೇ ಕಟ್ಟಿದವರು ಜಪಾನಿನ ನೀಗಾಟ ಪ್ರಾಂತ್ಯದ ಛಾಯಾಗ್ರಾಹಕ ತಕಾಶಿ ಅಮಾನೊ (1954-2015). ಸೈಕಲ್ ಪಂದ್ಯಗಳ ವೃತ್ತಿಪರ ಸ್ಪರ್ಧಾಳುವಾಗಿದ್ದ ಅವರು 1982ರಲ್ಲಿ ಸ್ವಂತ ಕಂಪನಿಯನ್ನು ಸ್ಥಾಪಿಸಿ, ಕಾಡು, ಬೆಟ್ಟ, ಹುಲ್ಲುಗಾವಲುಗಳ ನೋಟವನ್ನು ಗಾಜಿನ ತೊಟ್ಟಿಯೊಳಗೆ ತಂದರು. 2015ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ಮತ್ಸ್ಯಾಲಯದಲ್ಲಿ ಅವರು ನಿರ್ಮಿಸಿದ ತೊಟ್ಟಿಯ ಉದ್ದ 40 ಮೀಟರ್.

ಮೊದಲ ಪ್ರಯತ್ನಕ್ಕೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಸಾಕು. ಅದರಲ್ಲಿ ಸುಮಾರು 56 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದು ಸುಲಭವೆಂದು ಭಾವಿಸುವವರೇ ಹೆಚ್ಚು. ಆದರೆ ನೀರು ಕಡಿಮೆಯಾದಷ್ಟೂ ಅದು ಕೆಡುವ ವೇಗ ಹೆಚ್ಚು. ಜಲ್ಲಿ, ಗಾಜು, ನೀರು ಸೇರಿದರೆ ತೂಕ 75 ಕೆ.ಜಿ.ಯ ಆಸುಪಾಸಿಗೆ ಬರುತ್ತದೆ. ಆದ್ದರಿಂದ ಕಬ್ಬಿಣದ ಸ್ಟ್ಯಾಂಡನ್ನು ರಸಮಟ್ಟವಿಟ್ಟು ಪರೀಕ್ಷಿಸಿ, ಮೇಲೆ ಥರ್ಮಾಕೋಲ್ ಹಾಳೆಯನ್ನು ಹಾಸಿಯೇ ತೊಟ್ಟಿಯನ್ನು ಇರಿಸತಕ್ಕದ್ದು. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿಯ ಕೃಷಿ ಮಾಡಿದಂತೆ.

ತಳಕ್ಕೆ 2-3 ಮಿ.ಮೀ. ಗಾತ್ರದ ಬೆಣಚುಕಲ್ಲಿನ ಜಲ್ಲಿಯನ್ನು ಚೆನ್ನಾಗಿ ತೊಳೆದು, ಮುಂದೆ 1 ಅಂಗುಲ, ಹಿಂದೆ 3 ಅಂಗುಲದಷ್ಟು ಇಳಿಜಾರಾಗಿ ಹರಡಬೇಕು. ಕಲ್ಲಾಗಲಿ ಜಲ್ಲಿಯಾಗಲಿ, ಅದರ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣದಂಶವಿದೆ; ಅದು ನೀರನ್ನು ಗಡಸುಗೊಳಿಸುತ್ತದೆ. ಬೇರುಗಳಿಗೆ ಕಬ್ಬಿಣದಂಶ ದೊರೆಯಲೆಂದು ಜಲ್ಲಿಯ ಕೆಳಪದರದಲ್ಲಿ ಸ್ವಲ್ಪ ಜಂಬಿಟ್ಟಿಗೆಯ ಮಣ್ಣನ್ನು ಬೆರೆಸುವ ಪದ್ಧತಿಯೂ ಇದೆ. ಜರ್ಮನಿಯ ತಯಾರಕರು ಇದನ್ನೇ ಲ್ಯಾಟರೈಟ್ ಎಂಬ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರಿದರು. ಆ ಹೆಸರನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಕೊಟ್ಟದ್ದು ಮಲಬಾರಿನ ಕಲ್ಲಿಗೆ. ಕರಾವಳಿಯ ಗೋಡೆಗಳಲ್ಲಿರುವ ಕಲ್ಲು ವಿದೇಶಿ ಅಂಗಡಿಯ ಕಪಾಟಿನಲ್ಲಿ ಸರಕಾಗಿ ಕುಳಿತ ಬಗೆಯನ್ನು ಸಣ್ಣ ತಯಾರಕರು ಯೋಚಿಸಿ ನೋಡಬಹುದು.

ಇನ್ನು ಅಲಂಕಾರ. ಇಲ್ಲಿ ಹೊಸಬರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ: ದೊಡ್ಡ ಕಲ್ಲನ್ನು ತೊಟ್ಟಿಯ ನಟ್ಟನಡುವೆ ಪ್ರತಿಷ್ಠಾಪಿಸುವುದು. ತೊಟ್ಟಿಯ ಉದ್ದವನ್ನು ಮೂರು ಪಾಲು ಮಾಡಿ, ಒಂದು ಪಾಲು ಮುಗಿಯುವ ಸ್ಥಳದಲ್ಲಿ ಮುಖ್ಯ ಕಲ್ಲನ್ನೋ ಮರದ ಕೊರಡನ್ನೋ ನಿಲ್ಲಿಸಿದರೆ ನೋಟಕ್ಕೆ ಆಳ ಬರುತ್ತದೆ. ಜಪಾನೀಯರು ಕಲ್ಲುಗಳನ್ನು ಬೆಸಸಂಖ್ಯೆಯಲ್ಲಿ ಜೋಡಿಸುತ್ತಾರೆ. ಒಂದು ಹಿರಿದು, ಉಳಿದವು ಅದಕ್ಕೆ ಒತ್ತಾಸೆಯಾಗಿ. ಎಲ್ಲ ಕಲ್ಲುಗಳೂ ಒಂದೇ ಜಾತಿಯವಾಗಿದ್ದು, ಅವುಗಳ ಗೆರೆಗಳು ಒಂದೇ ದಿಕ್ಕಿಗೆ ಹರಿಯಬೇಕು. ಕೊರಡನ್ನು ಮುಂಚಿತವಾಗಿ ಕೆಲವು ದಿನ ನೀರಿನಲ್ಲಿ ನೆನೆಸದಿದ್ದರೆ ಅದು ತೇಲಿ, ಕಟ್ಟಿದ ಕಾಡನ್ನೆಲ್ಲ ಕಲಕಿಬಿಡುತ್ತದೆ. ನೀರು ತುಂಬುವ ಮುನ್ನ ಈ ಜೋಡಣೆಯನ್ನು ಎರಡು ದಿನ ಹಾಗೆಯೇ ಬಿಟ್ಟು, ಹೋಗುತ್ತ ಬರುತ್ತ ನೋಡಿ ತಿದ್ದುವುದು ಲೇಸು. ನಂತರ ತಿದ್ದಲು ಹೊರಟರೆ ಕೈಗೆ ಕೆಸರು ಮಾತ್ರ ಸಿಗುತ್ತದೆ.

ಗಿಡಗಳ ಆಯ್ಕೆಯಲ್ಲಿ ಆಡಂಬರ ಬೇಡ. ಹಿಂಭಾಗಕ್ಕೆ ವ್ಯಾಲಿಸ್ನೇರಿಯಾ ಮತ್ತು ಭಾರತದ್ದೇ ಆದ ಹೈಗ್ರೊಫಿಲಾ, ಮಧ್ಯಕ್ಕೆ ಕ್ರಿಪ್ಟೊಕೊರೈನ್, ಕೊರಡಿಗೆ ದಾರದಿಂದ ಕಟ್ಟಲು ಜಾವಾ ಫರ್ನ್ ಮತ್ತು ಅನುಬಿಯಾಸ್. ಕೊನೆಯ ಎರಡರ ಗಡ್ಡೆಯನ್ನು ಜಲ್ಲಿಯಲ್ಲಿ ಹೂತರೆ ಕೊಳೆಯುತ್ತದೆ. ಪಶ್ಚಿಮಘಟ್ಟದ ರೋಟಾಲಾ ಮ್ಯಾಕ್ರಾಂಡ್ರಾ ಎಂಬ ಕೆಂಪು ಗಿಡ ಎಲ್ಲರ ಕಣ್ಣು ಸೆಳೆಯುತ್ತದೆಯಾದರೂ ಮೊದಲ ತೊಟ್ಟಿಗೆ ಅದು ದುಬಾರಿ ಗುರು. ಇನ್ನೊಂದು ವಿಷಯವನ್ನು ಮಾರಾಟಗಾರರು ಗಿರಾಕಿಗೆ ಮುಂಚಿತವಾಗಿಯೇ ತಿಳಿಸಬೇಕು: ನರ್ಸರಿಗಳಲ್ಲಿ ಈ ಗಿಡಗಳನ್ನು ಬಹುಮಟ್ಟಿಗೆ ನೀರಿನ ಹೊರಗೆ ಬೆಳೆಸುತ್ತಾರೆ. ಆದ್ದರಿಂದ ಮುಳುಗಿಸಿದ ಮೊದಲ ವಾರಗಳಲ್ಲಿ ಹಳೆಯ ಎಲೆಗಳು ಕರಗಿ, ನೀರಿಗೆ ಒಗ್ಗಿದ ಹೊಸ ಎಲೆಗಳು ಮೂಡುತ್ತವೆ. ಇದನ್ನು ಅರಿಯದ ಗಿರಾಕಿ ಜೀವಂತ ಗಿಡವನ್ನು ಕಿತ್ತೆಸೆದು ಅಂಗಡಿಯವರನ್ನು ದೂರುತ್ತಾನೆ.

ದೀಪಕ್ಕೆ 6500 ಕೆಲ್ವಿನ್ ಬೆಳಕಿನ ಎಲ್.ಇ.ಡಿ. ಸಾಕು, ದಿನಕ್ಕೆ 6 ರಿಂದ 8 ಗಂಟೆ, ಟೈಮರ್ ಇದ್ದರೆ ಉತ್ತಮ. ಮೇಲೆ ಹೇಳಿದ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಅಗತ್ಯವಿಲ್ಲ.

ಈಗ ಬರುವುದು ಕಾಯುವ ತಿಂಗಳು. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ಬಹುಮಟ್ಟಿಗೆ ನಿರಪಾಯಕಾರಿಯಾದ ನೈಟ್ರೇಟ್ ಆಗಿಸುತ್ತವೆ. ಗಿಡಗಳು ಅದನ್ನು ಹೀರಿಕೊಳ್ಳುತ್ತವೆ. ಈ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ಮತ್ತು ಜಲ್ಲಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4 ರಿಂದ 6 ವಾರ ಬೇಕು. ಹೊಸ ತೊಟ್ಟಿಯ ನೀರು ಕನ್ನಡಿಯಂತೆ ತಿಳಿಯಾಗಿ ಕಂಡರೂ ಅದರಲ್ಲಿ ಈ ದುಡಿಮೆಗಾರರು ಇರುವುದಿಲ್ಲ. ಮೊದಲ ದಿನವೇ ಬಿಟ್ಟ ಮೀನುಗಳು ಒಂದೆರಡು ವಾರಗಳೊಳಗೆ ಸಾಯುವುದರ ಗುಟ್ಟು ಇದೇ.

ಹೀಗಾಗಿ ಮೀನಿಲ್ಲದೆ ಫಿಲ್ಟರನ್ನು ಹಗಲಿರುಳು ನಡೆಸುತ್ತ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿ, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರನ್ನು ಬದಲಿಸುತ್ತಿರಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ನಿವಾರಕ ಹನಿಗಳನ್ನು ಬೆರೆಸತಕ್ಕದ್ದು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದರೆ ತಿಂಗಳ ಫಲ ಒಂದು ನಿಮಿಷದಲ್ಲಿ ಹೋಗುತ್ತದೆ; ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಜಾಲಾಡಬೇಕು. ವಿದ್ಯುತ್ ಗಂಟೆಗಟ್ಟಲೆ ಕೈಕೊಡುವ ಊರುಗಳಲ್ಲಿ ಫಿಲ್ಟರನ್ನು ಇನ್ವರ್ಟರಿಗೆ ಜೋಡಿಸುವುದು ಕ್ಷೇಮ. ಅಂಗಡಿಯ ಆರೋಗ್ಯವಂತ ತೊಟ್ಟಿಯಲ್ಲಿ ಬಳಸಿದ ಸ್ಪಂಜಿನ ಒಂದು ತುಂಡನ್ನು ಗಿರಾಕಿಗೆ ಉಚಿತವಾಗಿ ಕೊಟ್ಟರೆ ಕಾಯುವ ಅವಧಿ ಗಣನೀಯವಾಗಿ ಇಳಿಯುತ್ತದೆ. ಅಂಗಡಿಯವರಿಗೆ ಇದರ ಖರ್ಚು ಕೆಲವೇ ರೂಪಾಯಿ.

ಗಿರಾಕಿ ಬರಿಗೈಯಲ್ಲಿ ಹೋದರೆ ಪಕ್ಕದ ಅಂಗಡಿಗೆ ಹೋದಾನೆಂಬ ಅಳುಕು ವರ್ತಕರಲ್ಲಿ ಸಹಜ. ಆದರೆ ಆತ ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಮೊದಲ ಭೇಟಿಯಲ್ಲಿ ತೊಟ್ಟಿ, ಸ್ಟ್ಯಾಂಡ್, ಜಲ್ಲಿ, ಫಿಲ್ಟರ್. ಎರಡನೆಯದರಲ್ಲಿ ಗಿಡ, ದೀಪ. ಮೂರನೆಯದರಲ್ಲಿ ಪರೀಕ್ಷೆಯ ಕಿಟ್ ಅಥವಾ ಸೀಸೆಯಲ್ಲಿ ತಂದ ನೀರಿಗೆ ಅಂಗಡಿಯಲ್ಲೇ ಪರೀಕ್ಷೆ. ಒಟ್ಟು ಬಿಲ್ಲು ಕಡಿಮೆಯಾಗುವುದಿಲ್ಲ, ಹಂತಗಳಲ್ಲಿ ಬರುತ್ತದೆ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದ ಮೇಲೆ ಮೀನಿನ ಮಾತು. ಕೊಳವೆಬಾವಿಯ ಗಡಸು ನೀರಿಗೆ ಗಪ್ಪಿ, ಪ್ಲಾಟಿ ಒಗ್ಗುತ್ತವೆ. ಮೆದು ನೀರಿದ್ದರೆ ನಿಯಾನ್ ಟೆಟ್ರಾ. ಪಾಚಿ ತಿನ್ನುತ್ತದೆಂದು ಸಕ್ಕರ್ ಮೀನನ್ನು ದಾಟಿಸುವ ರೂಢಿಯನ್ನು ಮಾತ್ರ ಕೈಬಿಡಬೇಕು. ಅದು ಒಂದು ಅಡಿಗೂ ಮೀರಿ ಬೆಳೆದು, ಬೇಸತ್ತವರ ಕೈಯಿಂದ ಕೆರೆ ಸೇರಿ, ದೇಶದ ಹಲವೆಡೆ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಮೊದಲ ಕಂತಿನಲ್ಲಿ ಆರು ಚಿಕ್ಕ ಮೀನುಗಳು ಸಾಕು. ಉಳಿದವು ಎರಡು ವಾರಗಳ ನಂತರ. ಮನೆಗೆ ಒಯ್ದ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಬಿಟ್ಟು, ಮೀನುಗಳನ್ನು ಬಲೆಯಿಂದ ಎತ್ತಿ ಒಳಗೆ ಬಿಡಬೇಕು. ಚೀಲದ ನೀರನ್ನು ಹೊರಗೆ ಚೆಲ್ಲಬೇಕು.